ಪರದೇಶದ ಓದು: ಮನೆಗೆ ಬರೆಯದ ಮಾತುಗಳು

ವಿದೇಶದಲ್ಲಿ ಓದಿ ಬಂದವರ ಬರಹಗಳನ್ನು ನಾವು ಬಹಳ ಕಾಲದಿಂದ ಆಸೆಪಟ್ಟು ಓದುತ್ತ ಬಂದವರು. ಕನ್ನಡದಲ್ಲೂ ಸರಿ, ಉರ್ದುವಿನಲ್ಲೂ ಸರಿ. ಮೊದಲ ಹಿಮ ಬಿದ್ದ ದಿನ, ಗ್ರಂಥಾಲಯದ ವಿಸ್ತಾರ, ಪ್ರೊಫೆಸರನ್ನು ಹೆಸರು ಹಿಡಿದು ಕರೆಯುವ ಸೋಜಿಗ, ಬೇಳೆಸಾರಿಗಾಗಿ ಬಾಯಿ ಬಿಟ್ಟ ಸಂಜೆ, ಇವು ಎಲ್ಲರಲ್ಲೂ ಇರುತ್ತವೆ. ತಪ್ಪೇನಿಲ್ಲ. ಆದರೆ ಪುಸ್ತಕ ಮುಚ್ಚಿದ ಮೇಲೆ ಒಂದೆರಡು ಪ್ರಶ್ನೆ ಉಳಿದುಬಿಡುತ್ತವೆ. ಈ ಹುಡುಗನ ಫೀಸು ಕಟ್ಟಿದವರು ಯಾರು? ಇವನು ಒಂದು ಪರೀಕ್ಷೆಯಲ್ಲೂ ನಪಾಸಾಗಲಿಲ್ಲವೇ? ಕೋಣೆಯ ಬಾಗಿಲು ಹಾಕಿಕೊಂಡು ಅತ್ತದ್ದು ಎಷ್ಟು ಸಲ?

ಉರ್ದುವಿನಲ್ಲಿ ಇಂಥ ಬರಹಕ್ಕೆ ಒಳ್ಳೆಯ ಹಿರಿಯಕ್ಕನೊಬ್ಬಳಿದ್ದಾಳೆ. ಮುಂಬೈಯ ತಯ್ಯಬ್ಜಿ ಬಳಗಕ್ಕೆ ಸೇರಿದ ಅತಿಯಾ ಫೈಝಿ 1906ರಲ್ಲಿ ಸರಕಾರದ ವಿದ್ಯಾರ್ಥಿವೇತನ ಪಡೆದು ಲಂಡನ್ನಿನ ಮಾರಿಯಾ ಗ್ರೇ ಶಿಕ್ಷಕರ ತರಬೇತಿ ಕಾಲೇಜಿಗೆ ಹೋದರು. ಮುಸ್ಲಿಂ ಹೆಣ್ಣುಮಗಳೊಬ್ಬಳು ಹಡಗು ಹತ್ತಿ ಓದಲು ಹೋಗುವುದೆಂದರೆ ಆ ಕಾಲಕ್ಕೆ ಸಣ್ಣ ಮಾತಲ್ಲ. ಸಹೋದರಿಯರಿಗೆ ಅವರು ದಿನಚರಿಯಂತೆ ಬರೆದು ಕಳಿಸಿದ ಪತ್ರಗಳು ಲಾಹೋರಿನ 'ತಹಝೀಬೆ ನಿಸ್ವಾನ್' ಎಂಬ ಮಹಿಳಾ ಪತ್ರಿಕೆಯಲ್ಲಿ ಬಂದವು. 1921ರಲ್ಲಿ 'ಝಮಾನ-ಎ-ತಹ್ಸೀಲ್' ಎಂಬ ಹೆಸರಿನಲ್ಲಿ ಪುಸ್ತಕವಾದವು. ವಿದ್ಯಾರ್ಜನೆಯ ಕಾಲ ಎಂದು ಇದರ ಅರ್ಥ.

ಆದರೆ ಹೆಸರಿನಲ್ಲಿರುವ ವಿದ್ಯಾರ್ಜನೆ ಪುಸ್ತಕದೊಳಗೆ ಹಿಂದಿನ ಸಾಲಿನಲ್ಲಿ ಕುಳಿತಿದೆ. ಮುಂದಿನ ಸಾಲಿನಲ್ಲಿರುವುದು ಔತಣಕೂಟಗಳು, ದೊಡ್ಡ ಮನೆಗಳು, ಭೇಟಿಯಾದ ಗಣ್ಯರು. ಅಷ್ಟೇ ಅಲ್ಲ, ಅತಿಯಾ ಆ ತರಬೇತಿಯನ್ನು ಮುಗಿಸಲಿಲ್ಲ. ಒಂದು ವರ್ಷ ಕಳೆಯುತ್ತಿದ್ದಂತೆ 1907ರಲ್ಲಿ ಮರಳಿದರು. ಈ ಅರ್ಧಕ್ಕೆ ನಿಂತ ಓದೇ ಆ ವರ್ಷದ ಅತಿ ದೊಡ್ಡ ಅನುಭವವಾಗಿದ್ದಿರಬೇಕು ಎಂದು ಕತೆ ಬರೆಯುವ ನಮಗೆ ಅನಿಸುತ್ತದೆ. ಆದರೆ ಅದನ್ನು ಬರೆಯುವುದು ಹೇಗೆ? ಪತ್ರ ಓದುವವರು ಅಕ್ಕಂದಿರು. ಅವರ ಹಿಂದೆ ಪತ್ರಿಕೆಯ ಓದುಗರು, ಅವರ ಹಿಂದೆ, ಹೆಣ್ಣುಮಕ್ಕಳನ್ನು ಓದಿಸಿದರೆ ಏನಾಗುತ್ತದೆ ನೋಡೋಣ ಎಂದು ಕಾದು ಕುಳಿತ ಒಂದು ಸಮಾಜ. ಅಂಥವರ ಕಣ್ಣೆದುರು ಆಕೆ ಸೋಲುವ ಹಾಗಿರಲಿಲ್ಲ. ಅತಿಯಾರನ್ನು ಮೇಲುಮಟ್ಟದ ಬರಹಗಾರ್ತಿ ಎಂದು ತಳ್ಳಿಹಾಕುವವರ ಜೊತೆ ನಮಗೆ ತಕರಾರಿರುವುದು ಈ ಕಾರಣಕ್ಕೆ.

ಮೂವತ್ತು ವರ್ಷದ ನಂತರ ಸಜ್ಜಾದ್ ಝಹೀರ್ ಬರೆದ 'ಲಂಡನ್ ಕೀ ಏಕ್ ರಾತ್' ಬೇರೆಯೇ ಜಾತಿಯದು. 1938ರಲ್ಲಿ ಬಂದ ಈ ಕಿರುಕಾದಂಬರಿಯಲ್ಲಿ ಒಂದು ರಾತ್ರಿ, ಒಂದು ಕೋಣೆ, ಕೆಲವು ಹಿಂದೂಸ್ತಾನಿ ವಿದ್ಯಾರ್ಥಿಗಳು ಇದ್ದಾರೆ. ಆಝಮ್ ರಸೆಲ್ ಸ್ಕ್ವೇರ್ ಸ್ಟೇಷನ್ನಿನಲ್ಲಿ ತನ್ನ ಹುಡುಗಿಗಾಗಿ ಕಾಯುತ್ತಾನೆ. ನಯೀಮನ ಕೋಣೆಯಲ್ಲಿ ಎಲ್ಲರೂ ಸೇರಿ ಕುಡಿಯುತ್ತಾರೆ, ವಾದಿಸುತ್ತಾರೆ, ಬೇಸರಪಡುತ್ತಾರೆ. ಕರಿಯ ಮೈಬಣ್ಣದ ಅವಮಾನ, ಊರಿಗೆ ಮರಳಿದರೆ ಬ್ರಿಟಿಷರ ಚಾಕರಿ ಮಾಡಬೇಕಲ್ಲ ಎಂಬ ಇರಿಸುಮುರಿಸು, ಕೈಗೂಡದ ಪ್ರೇಮ ಎಲ್ಲವೂ ಆ ಒಂದೇ ರಾತ್ರಿಯಲ್ಲಿ ಹೊರಬೀಳುತ್ತವೆ. ಇವರ್ಯಾರೂ ಮನೆಗೆ ಕಾಗದ ಬರೆಯುತ್ತಿಲ್ಲ. ಅದಕ್ಕೇ ನಿಜ ನುಡಿಯುತ್ತಾರೆ. ಯುರೋಪಿನಲ್ಲಿ ಓದಿ ಪ್ಯಾರಿಸ್ಸಿನಲ್ಲಿ ಕುಳಿತು ಬರೆಯುವುದು ಒಂದು, ಊರಿಗೆ ಬಂದು ರೈತ ಕಾರ್ಮಿಕರ ನಡುವೆ ದುಡಿದ ಮೇಲೆ ಬರೆಯುವುದು ಇನ್ನೊಂದು ಎಂಬ ಅರ್ಥದ ಮಾತನ್ನು ಲೇಖಕರು ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾರೆ. ತಮ್ಮ ಪುಸ್ತಕದ ಬಗ್ಗೆ ಅವರಿಗೇ ಸ್ವಲ್ಪ ಸಂಕೋಚ. ನಮಗಂತೂ ಆ ಸಂಕೋಚ ಅನಗತ್ಯವೆನಿಸುತ್ತದೆ. ಆದರೂ ಒಂದು ಮಾತು ಹೇಳಲೇಬೇಕು. ಝಹೀರರ ತಂದೆ ಲಖನೌದಲ್ಲಿ ಮುಖ್ಯ ನ್ಯಾಯಾಧೀಶರಾಗಿದ್ದವರು. ಆ ಕೋಣೆಯ ಹುಡುಗರಿಗೆ ಬೇಸರವಿದೆ, ಹಸಿವಿಲ್ಲ.

ಕನ್ನಡದ ಉದಾಹರಣೆ ಇನ್ನೂ ವಿಚಿತ್ರ. ಅನಂತಮೂರ್ತಿಯವರು 1963ರಲ್ಲಿ ಬರ್ಮಿಂಗ್‌ಹ್ಯಾಮಿಗೆ ಹೋಗಿ 1966ರಲ್ಲಿ ಪಿಎಚ್.ಡಿ. ಪಡೆದರು. ಅಲ್ಲಿ ತಮ್ಮ ಮಾರ್ಗದರ್ಶಕ ಮಾಲ್ಕಮ್ ಬ್ರಾಡ್‌ಬರಿಯವರ ಜೊತೆ ಬರ್ಗ್‌ಮನ್ನನ 'ಸೆವೆಂತ್ ಸೀಲ್' ಚಿತ್ರವನ್ನು ಸಬ್‌ಟೈಟಲ್ ಇಲ್ಲದೆಯೇ ನೋಡಿದ್ದು, ಅದರಿಂದ 'ಸಂಸ್ಕಾರ' ಹುಟ್ಟಿದ್ದು ಅವರೇ ಹಲವೆಡೆ ಹೇಳಿಕೊಂಡ ಸಂಗತಿ. ಇಂಗ್ಲೆಂಡಿನಲ್ಲಿ ಇಂಗ್ಲಿಷ್ ಓದಲು ಹೋದವರು ಮಲೆನಾಡಿನ ಅಗ್ರಹಾರವನ್ನು ಕನ್ನಡದಲ್ಲಿ ಬರೆದುಕೊಂಡು ಬಂದರು. ಕನ್ನಡದ ವಿದ್ಯಾರ್ಥಿಯೊಬ್ಬ ಪರದೇಶದಿಂದ ತಂದ ಅತ್ಯುತ್ತಮ ಪುಸ್ತಕದಲ್ಲಿ ಪರದೇಶವೇ ಇಲ್ಲ!

ಈಗ ಹೋಗುತ್ತಿರುವವರು ನ್ಯಾಯಾಧೀಶರ ಮಕ್ಕಳಷ್ಟೇ ಅಲ್ಲ. ತಾಲೂಕು ಊರುಗಳ ಮೇಷ್ಟ್ರ ಮಕ್ಕಳು, ಅಡಿಕೆ ಬೆಳೆಗಾರರ ಮಕ್ಕಳು, ಬಟ್ಟೆ ಅಂಗಡಿಯವರ ಮಕ್ಕಳು ಕಿರ್ಗಿಸ್ತಾನಕ್ಕೆ, ಫಿಲಿಪ್ಪೀನ್ಸಿಗೆ, ಜಾರ್ಜಿಯಾಕ್ಕೆ ಡಾಕ್ಟರಿಕೆ ಕಲಿಯಲು ಹೋಗುತ್ತಾರೆ. ಇಲ್ಲಿ ಸರಕಾರಿ ಸೀಟು ಸಿಗದು, ಖಾಸಗಿ ಸೀಟು ಕೈಗೆಟುಕದು. 2022ರಲ್ಲಿ ಉಕ್ರೇನಿನ ಯುದ್ಧ ಶುರುವಾದಾಗ ಸುಮಾರು 22,500 ಮಂದಿ ಭಾರತೀಯರು ಮರಳಿ ಬರಬೇಕಾಯಿತು. ಅವರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳು. ಇಷ್ಟು ಮಂದಿ ಅಲ್ಲಿದ್ದರೇ ಎಂದು ನಮ್ಮಲ್ಲಿ ಅನೇಕರಿಗೆ ಗೊತ್ತಾದದ್ದೇ ಆಗ. ಆ ವರ್ಷದ ಮಾರ್ಚ್ 1ರಂದು ಹಾರ್ಕೀವ್ ನಗರದಲ್ಲಿ, ಊಟದ ಸಾಮಾನು ತರಲು ಹೊರಬಂದಿದ್ದ ಹಾವೇರಿ ಜಿಲ್ಲೆಯ ಹುಡುಗನೊಬ್ಬ ದಾಳಿಗೆ ಸಿಕ್ಕಿ ತೀರಿಕೊಂಡ. ಪಿಯುಸಿಯಲ್ಲಿ 97 ಶೇಕಡಾ ಅಂಕ ತೆಗೆದರೂ ಇಲ್ಲಿ ಸೀಟು ಸಿಗಲಿಲ್ಲ ಎಂದು ಅವನ ತಂದೆ ಹೇಳಿದರು. ಮಗನ ದೇಹವನ್ನು ಆ ಕುಟುಂಬ ದಾವಣಗೆರೆಯ ವೈದ್ಯಕೀಯ ಕಾಲೇಜೊಂದಕ್ಕೆ ದಾನ ಮಾಡಿತು. ಇದು ಸುದ್ದಿಯಾಗಿ ಬಂತು, ಕೆಲವು ದಿನ ಚರ್ಚೆಯಾಯಿತು. ಕೊಲ್ಲಿ ದೇಶಕ್ಕೆ ದುಡಿಯಲು ಹೋದವರ ಬದುಕು ನಮ್ಮ ಕರಾವಳಿಯ ಕತೆಗಾರರಿಗೆ ದಕ್ಕಿತು. ಓದಲು ಹೋದವರದು ಇನ್ನೂ ದಕ್ಕಿಲ್ಲ. ಈ ದೂರು ನಮ್ಮ ಮೇಲೂ ಇದೆ.

ವಿಷಯಕ್ಕೇನೂ ಬರವಿಲ್ಲ. ನಮ್ಮ ಮನೆಗಳದ್ದೇ ಒಂದು ಗಂಟು ನೋಡಿ. ಬ್ಯಾಂಕಿನ ವಿದ್ಯಾಸಾಲಕ್ಕೆ ಬಡ್ಡಿ ಕೊಡಬೇಕು. ಬಡ್ಡಿ ಹರಾಮು ಎಂದು ಅಬ್ಬಾಜಾನ್ ಸಾಲ ಬೇಡವೆನ್ನುತ್ತಾರೆ. ಅಮ್ಮಿಯ ಬಳೆ, ಅಕ್ಕನ ಮದುವೆಗಿಟ್ಟ ಚಿನ್ನ, ಹಿತ್ತಲ ಸೈಟು ಒಂದೊಂದಾಗಿ ಹೋಗುತ್ತವೆ. ಬಡ್ಡಿಯಿಲ್ಲದ ಆ ಸಾಲವನ್ನು ಹುಡುಗ ಯಾರಿಗೆ ತೀರಿಸಬೇಕು, ಎಷ್ಟು ವರ್ಷ ತೀರಿಸಬೇಕು? ಇದರಲ್ಲಿ ಅಕ್ಕನ ಒಪ್ಪಿಗೆಯನ್ನು ಕೇಳಿದವರಾರು? ಹಿಮದ ಫೋಟೋಗಿಂತ ಇದು ಎಷ್ಟೋ ದೊಡ್ಡ ಕತೆ.

ನಮ್ಮ ನೆಂಟರ ಹುಡುಗನೊಬ್ಬ ಮೊನ್ನೆ ರಜೆಗೆ ಬಂದಿದ್ದ. ಮೊದಲ ಚಳಿಗಾಲದಲ್ಲಿ ಬಾಡಿಗೆಗೆ ದುಡ್ಡು ಸಾಲದೆ, ರಾತ್ರಿ ಹೋಟೆಲಿನಲ್ಲಿ ಪಾತ್ರೆ ತೊಳೆದು, ಬೆಳಿಗ್ಗೆ ತರಗತಿಯಲ್ಲಿ ನಿದ್ದೆಹೋಗಿ, ಎರಡು ವಿಷಯದಲ್ಲಿ ನಪಾಸಾದದ್ದನ್ನು ಜಗಲಿಯಲ್ಲಿ ಕುಳಿತು ನಗುನಗುತ್ತಲೇ ಹೇಳಿದ. ಆ ತಿಂಗಳೆಲ್ಲ ಮನೆಗೆ ಫೋನಿನಲ್ಲಿ ಹೇಳಿದ್ದು ಮಾತ್ರ, "ಚೆನ್ನಾಗಿದ್ದೇನೆ ಅಮ್ಮಿ, ಊಟ ಆಯ್ತು." ಇದನ್ನೇ ಬರೆದು ಕೊಡಪ್ಪಾ, ಪತ್ರಿಕೆಗೆ ಕಳಿಸೋಣ ಎಂದೆವು. ಅವನು ಒಳಗೆ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದ.

"ಬೇಡ ಮಾಮು. ಅಮ್ಮಿಗೆ ಕನ್ನಡ ಓದೋಕೆ ಬರುತ್ತೆ."