ಹಗೆಯ ಕಣ್ಣೀರು: ಹೋಮರನಿಂದ ಉಳಿದು ಬಂದದ್ದೇನು?

‘ಟ್ರೋಜನ್ ಕುದುರೆ’, ‘ಅಕಿಲೀಸನ ಹಿಮ್ಮಡಿ’ ಎಂಬ ಮಾತುಗಳು ಇಂದು ಪತ್ರಿಕೆಯ ಅಂಕಣಗಳಲ್ಲಿಯೂ ಕಂಪ್ಯೂಟರ್ ಪಾಠಗಳಲ್ಲಿಯೂ ದೊರೆಯುತ್ತವೆ. ಪ್ರಾಚೀನ ಗ್ರೀಕ್ ಮಹಾಕಾವ್ಯದ ಪ್ರಭಾವಕ್ಕೆ ನಿದರ್ಶನ ಕೇಳಿದರೆ ಬಹುಮಂದಿ ಇವೆರಡನ್ನೇ ಮುಂದಿಡುತ್ತಾರೆ. ಅಧ್ಯಾಪಕರಾಗಿದ್ದಾಗ ತರಗತಿಯಲ್ಲಿ ನಾವೂ ಹಾಗೆಯೇ ಹೇಳಿದ್ದುಂಟು. ನಿವೃತ್ತಿಯ ಬಿಡುವಿನಲ್ಲಿ ಹೋಮರನ ‘ಇಲಿಯಡ್’ ಕಾವ್ಯವನ್ನು ಆದ್ಯಂತವಾಗಿ ಓದಿದಾಗ ನಮ್ಮ ತಪ್ಪು ನಮಗೆ ತಿಳಿಯಿತು. ಮರದ ಕುದುರೆಯ ಪ್ರಸಂಗ ಅದರಲ್ಲಿ ಇಲ್ಲವೇ ಇಲ್ಲ. ಅದು ಬರುವುದು ‘ಒಡಿಸ್ಸಿ’ಯಲ್ಲಿ, ಅದೂ ನಡೆದುಹೋದ ಕತೆಯಾಗಿ. ಹಿಮ್ಮಡಿಯೇ ಅಕಿಲೀಸನ ಮರ್ಮಸ್ಥಾನವೆಂಬ ಕತೆಯಂತೂ ಹೋಮರನ ಎರಡೂ ಕಾವ್ಯಗಳಲ್ಲಿಲ್ಲ. ಅದು ಶತಮಾನಗಳ ಅನಂತರ ಸೇರಿಕೊಂಡದ್ದು. ನುಡಿಗಟ್ಟು ಬಾಳಿದ ಮಾತ್ರಕ್ಕೆ ಕಾವ್ಯ ಬಾಳಿತೆಂದು ಹೇಳಲಾಗದು. ಹಾಗಾದರೆ ನಿಜವಾಗಿ ಉಳಿದು ಬಂದದ್ದೇನು?

ಹೋಮರನು ಗ್ರೀಕ್ ಭಾಷೆಯ ಕವಿ. ಅವನ ಕೇಳುಗರು ಗ್ರೀಕರು. ಕತೆಯಲ್ಲಿ ಟ್ರಾಯ್ ನಗರಕ್ಕೆ ಮುತ್ತಿಗೆ ಹಾಕಿರುವವರೂ ಗ್ರೀಕರೇ. ಆದರೂ ಆರನೆಯ ಸರ್ಗದಲ್ಲಿ ಕವಿ ನಮ್ಮನ್ನು ಶತ್ರುನಗರದ ಕೋಟೆಬಾಗಿಲಿಗೆ ಕರೆದೊಯ್ಯುತ್ತಾನೆ. ರಣಕ್ಕೆ ಮರಳಲಿರುವ ಹೆಕ್ಟರ್ ತನ್ನ ಮಗುವನ್ನೆತ್ತಿಕೊಳ್ಳಲು ಕೈ ಚಾಚುತ್ತಾನೆ. ಶಿರಸ್ತ್ರಾಣದ ತುರಾಯಿಯನ್ನು ಕಂಡು ಮಗು ಬೆದರಿ ಅಳುತ್ತದೆ, ತಂದೆತಾಯಿಗಳು ನಗುತ್ತಾರೆ. ಅವನು ಶಿರಸ್ತ್ರಾಣವನ್ನು ತೆಗೆದು ನೆಲದ ಮೇಲಿರಿಸಿ ಮಗುವನ್ನು ಮುದ್ದಿಸುತ್ತಾನೆ. ಕೊನೆಯದಾದ 24ನೆಯ ಸರ್ಗದ ಹೊತ್ತಿಗೆ ಈ ತಂದೆ ಹತನಾಗಿದ್ದಾನೆ. ವೃದ್ಧ ರಾಜ ಪ್ರಿಯಾಮನು ಇರುಳಿನಲ್ಲಿ ಗ್ರೀಕರ ಪಾಳೆಯವನ್ನು ಹೊಕ್ಕು, ಮಗನನ್ನು ಕೊಂದ ಅಕಿಲೀಸನ ಕೈಗಳಿಗೆ ಮುತ್ತಿಟ್ಟು, ಶವವನ್ನು ಬೇಡುತ್ತಾನೆ. ನಿನ್ನ ತಂದೆಯನ್ನು ನೆನೆದು ನನ್ನ ಮೇಲೆ ಕರುಣೆ ತೋರೆಂದು ಮೊರೆಯಿಡುತ್ತಾನೆ. ಇಬ್ಬರೂ ಅಳುತ್ತಾರೆ. ಒಬ್ಬನಿಗೆ ಮಗನ ದುಃಖ. ಇನ್ನೊಬ್ಬನಿಗೆ ದೂರದ ತಂದೆಯ ಮತ್ತು ಮಡಿದ ಗೆಳೆಯ ಪೆಟ್ರೊಕ್ಲಸನ ದುಃಖ. ಕಾವ್ಯವು ಹೆಕ್ಟರನ ಅಂತ್ಯಕ್ರಿಯೆಯೊಡನೆ ಮುಗಿಯುತ್ತದೆ. ಗೆದ್ದವರ ಭಾಷೆಯಲ್ಲಿ ಸೋತವರ ಶೋಕವನ್ನು ಹಾಡಬಹುದೆಂಬ ಈ ಧೈರ್ಯವೇ ಹೋಮರನ ನಿಜವಾದ ಪರಂಪರೆಯೆಂಬುದು ನಮ್ಮ ಅಭಿಪ್ರಾಯ.

ಈ ಪರಂಪರೆ ಮೊದಲು ಅವನ ನಾಡಿನಲ್ಲಿಯೇ ಫಲಿಸಿತು. ಕ್ರಿ.ಪೂ. 480ರಲ್ಲಿ ಸಲಾಮಿಸ್ ಕದನದಲ್ಲಿ ಗ್ರೀಕರು ಪರ್ಶಿಯನ್ನರನ್ನು ಸೋಲಿಸಿದರು. ಎಂಟು ವರ್ಷಗಳ ಬಳಿಕ ಈಸ್ಕಿಲಸ್ ಅಥೆನ್ಸಿನ ರಂಗದ ಮೇಲೆ ಆ ಸೋತ ಶತ್ರುಗಳ ಅರಮನೆಯ ರೋದನವನ್ನೇ ನಾಟಕವಾಗಿಸಿದನು. ಆ ನಾಟಕ ಬಿ.ಎಂ.ಶ್ರೀಯವರಿಂದ ‘ಪಾರಸಿಕರು’ ಎಂಬ ಹೆಸರಿನಲ್ಲಿ ಕನ್ನಡಕ್ಕೂ ಬಂದಿತು. ಕುವೆಂಪು ಅವರು ‘ಶ್ರೀ ರಾಮಾಯಣ ದರ್ಶನಂ’ ಆರಂಭದಲ್ಲಿ ಹೋಮರನಿಗೂ ನಮಿಸಿದ್ದಾರೆ. ಆ ಕಾವ್ಯದ ಮಹೋಪಮೆಗಳಲ್ಲಿ ಗ್ರೀಕ್ ಕವಿಯ ಋಣ ಸ್ಪಷ್ಟವಾಗಿದೆ.

ಆಧುನಿಕ ಯುಗದ ಎರಡು ನಿದರ್ಶನಗಳು ಸಾಕು. 1940ರಲ್ಲಿ ಫ್ರಾನ್ಸ್ ಜರ್ಮನಿಗೆ ಶರಣಾಯಿತು. ಆ ವರ್ಷದ ಕೊನೆಗೆ ಪ್ರಕಟವಾಗತೊಡಗಿದ ತಮ್ಮ ಪ್ರಬಂಧದಲ್ಲಿ ಸಿಮೋನ್ ವೇಲ್, ‘ಇಲಿಯಡ್’ನ ನಿಜವಾದ ನಾಯಕ ‘ಬಲ’ವೆಂದೂ ಅದು ಸೋತವನನ್ನು ವಸ್ತುವಾಗಿಸಿ ಗೆದ್ದವನನ್ನೂ ಕುರುಡಾಗಿಸುತ್ತದೆಂದೂ ವಿವರಿಸಿದರು. ಮತ್ತೊಂದು ಉತ್ತರ ಐರ್ಲೆಂಡಿನದು. ದಶಕಗಳ ರಕ್ತಪಾತದ ಬಳಿಕ 1994ರ ಆಗಸ್ಟ್ ಅಂತ್ಯದಲ್ಲಿ ಐ.ಆರ್.ಎ. ಕದನವಿರಾಮ ಸಾರಿತು. ಕೆಲವೇ ದಿನಗಳಲ್ಲಿ ಮೈಕಲ್ ಲಾಂಗ್ಲಿ ಅವರ ‘ಕದನವಿರಾಮ’ ಎಂಬ ಪುಟ್ಟ ಕವಿತೆ ‘ಐರಿಷ್ ಟೈಮ್ಸ್’ ಪತ್ರಿಕೆಯಲ್ಲಿ ಬಂದಿತು. ಅದರ ವಸ್ತು ಪ್ರಿಯಾಮ್ ಮತ್ತು ಅಕಿಲೀಸರ ಭೇಟಿ. ಮಕ್ಕಳನ್ನು ಕಳೆದುಕೊಂಡ ಮನೆಗಳಿಗೆ ಆ ಬೆಳಗ್ಗೆ ಹೋಮರನು ವರ್ತಮಾನದ ಕವಿಯಾಗಿದ್ದನು.

ಹಾಗೆಂದು ಹೋಮರನ ಕರುಣೆ ಎಲ್ಲರನ್ನೂ ಸಮನಾಗಿ ಮುಟ್ಟಿತೆನ್ನಲಾಗದು. ಅಕಿಲೀಸನ ಕೋಪಕ್ಕೆ ಕಾರಣಳಾದ ಸೆರೆಯಾಳು ಬ್ರಿಸೇಯಿಸ್ ಇಡೀ ಕಾವ್ಯದಲ್ಲಿ ಬಾಯಿ ತೆರೆಯುವುದು ಒಮ್ಮೆ ಮಾತ್ರ. ಈ ಕೊರತೆಯನ್ನು ಪ್ಯಾಟ್ ಬಾರ್ಕರ್ 2018ರ ತಮ್ಮ ಕಾದಂಬರಿಯಲ್ಲಿ ಅವಳಿಂದಲೇ ಕತೆ ಹೇಳಿಸಿ ಎತ್ತಿ ತೋರಿಸಿದರು. ಹೀಗೆ ಕವಿಯ ಮಾತಿನಿಂದಲೇ ಕವಿಯನ್ನು ಪ್ರಶ್ನಿಸಲು ಬರುವುದೂ ಜೀವಂತ ಪ್ರಭಾವದ ಲಕ್ಷಣವೇ.

ಕಾಸರಗೋಡಿನ ನಮಗೆ ಇದು ತೀರ ಅಪರಿಚಿತವಲ್ಲ. ತಾಳಮದ್ದಳೆಯಲ್ಲಿ ನಿನ್ನೆ ಅರ್ಜುನನ ಅರ್ಥ ಹೇಳಿದವರು ಇಂದು ಕರ್ಣನ ಪಕ್ಷವನ್ನು ಅಷ್ಟೇ ಸಮರ್ಥವಾಗಿ ಮಂಡಿಸುವುದನ್ನು ಕೇಳುತ್ತ ಬೆಳೆದವರು ನಾವು. ಗಡಿನಾಡಿನಲ್ಲಿ ನಮ್ಮ ನುಡಿಯ ನೋವನ್ನು ನಾವು ಹೇಳಿಕೊಳ್ಳಲೇಬೇಕು. ನೆರೆಯವನ ನೋವನ್ನು ಕೇಳುವ ಕಿವಿಯೂ ನಮಗಿರಬೇಕು. ಮಕ್ಕಳಿಗೆ ಕುದುರೆಯ ಕತೆ ಹೇಳುವ ಹಿರಿಯರು ಒಂದು ಸಂಜೆ ಪ್ರಿಯಾಮನ ಕತೆಯನ್ನೂ ಹೇಳಬೇಕೆಂದು ಸಂಘದ ಬಂಧುಗಳಲ್ಲಿ ನಮ್ಮ ವಿನಂತಿ.