ಬನಾರಸಿನ ರಾತ್ರಿಯೂಟ, ಬಟಾಣಿಯ ನಾಲ್ಕು ತಿಂಗಳು

ಕಾಶಿಗೆ ಹೋದವರು ಇಷ್ಟದ ತರಕಾರಿಯನ್ನೋ ಹಣ್ಣನ್ನೋ ಅಲ್ಲೇ ಬಿಟ್ಟು ಬರುವುದು ನಮ್ಮ ಮನೆಗಳಲ್ಲಿ ಹಿಂದಿನಿಂದ ನಡೆದುಬಂದ ರೂಢಿ. ಹಾಗಲಕಾಯಿ ಬಿಟ್ಟವರು, ಸೀಬೆಹಣ್ಣು ಬಿಟ್ಟವರು ಬಂಧುಬಳಗದಲ್ಲಿ ಒಬ್ಬರಾದರೂ ಸಿಗುತ್ತಾರೆ. ಆದರೆ ಆ ಊರಿನವರು ತರಕಾರಿಯನ್ನು ಹೇಗೆ ಹಿಡಿದುಕೊಂಡಿದ್ದಾರೆ ಎಂಬುದು ಯಾತ್ರಿಕರಿಗೆ ಕಾಣುವುದಿಲ್ಲ. ವಿಶ್ವನಾಥ, ಅನ್ನಪೂರ್ಣೆ, ಜಂಗಮವಾಡಿ ಮಠ, ಗಂಗಾ ಆರತಿ, ಬೆಳಗಿನ ಕಚೌರಿ-ಜಿಲೇಬಿ ಮುಗಿಸಿ ರೈಲು ಹತ್ತುವ ನಮಗೆ ಬನಾರಸಿನ ಮನೆಯೊಳಗಿನ ರಾತ್ರಿಯ ಒಲೆ ತಿಳಿಯದು. ವಾರದ ನಡುವಿನ ಸಂಜೆ, ದಣಿದು ಬಂದ ಹೊತ್ತಿನಲ್ಲಿ, ‘ಇವತ್ತೇನು ಮಾಡೋದು?’ ಎಂಬ ಪ್ರಶ್ನೆ ಎಲ್ಲ ಊರಿನಲ್ಲೂ ಒಂದೇ. ಆ ಪ್ರಶ್ನೆಗೆ ಬನಾರಸಿನ ಮನೆಗಳು ಚಳಿಗಾಲದಲ್ಲಿ ಕೊಡುವ ಉತ್ತರ ತುಂಬ ಗಟ್ಟಿಯಾದದ್ದು. ಬೇಸಿಗೆಯಲ್ಲಿ ಕೊಡುವ ಉತ್ತರ ಅಷ್ಟು ಗಟ್ಟಿಯಲ್ಲ.

ಈ ಅಡುಗೆಯ ಬಲ ಇರುವುದು ಬದಲಾಗದ ಚೌಕಟ್ಟಿನಲ್ಲಿ. ಅನ್ನ, ಅದರ ಜೊತೆಗೆ ಒಂದು ಪಾತ್ರೆಯಲ್ಲಿ ಬೆಂದದ್ದು, ಒಂದು ಚಟ್ನಿ. ಇಷ್ಟೇ. ದಿನಕ್ಕೊಂದು ಹೊಸ ಪಾಕವಿಧಾನ ಹುಡುಕುವ ಗೋಜಿಲ್ಲ. ಹೊಸತನ್ನು ತರುವುದು ಸಟ್ಟಿ, ಅಂದರೆ ತರಕಾರಿ ಮಾರುಕಟ್ಟೆ. ಚಂದುವಾ ಸಟ್ಟಿಯಲ್ಲಿ ನವೆಂಬರಿನ ಕೊನೆಗೆ ಎಳೆ ಬಟಾಣಿಯ ರಾಶಿ ಬಿದ್ದಿತೆಂದರೆ ಹೋಳಿಯವರೆಗೆ ಊರಿನ ರಾತ್ರಿಯೂಟ ಬಟಾಣಿಯ ಮಾತು ಕೇಳುತ್ತದೆ. ಒಂದೇ ಕಾಳು ಒಂದು ರಾತ್ರಿ ನಿಮೋನಾ, ಇನ್ನೊಂದು ರಾತ್ರಿ ಆಲೂಗಡ್ಡೆ-ಹೂಕೋಸಿನ ಜೊತೆ ಅಕ್ಕಿಯಲ್ಲಿ ಬೆರೆತು ತೆಹರಿ, ಮತ್ತೊಂದು ರಾತ್ರಿ ಚೂಡಾ-ಮಟರ್ ಆಗುತ್ತದೆ.

ನಿಮೋನಾ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಬಿಡಿಸಿದ ಹಸಿ ಬಟಾಣಿಯಲ್ಲಿ ಮುಕ್ಕಾಲು ಪಾಲನ್ನು ಹಸಿಮೆಣಸಿನಕಾಯಿ, ಶುಂಠಿ, ಕೊತ್ತಂಬರಿಸೊಪ್ಪಿನ ಜೊತೆ ತರಿತರಿಯಾಗಿ ರುಬ್ಬುತ್ತಾರೆ. ಸಾಸಿವೆ ಎಣ್ಣೆ ಹೊಗೆಯಾಡುವಷ್ಟು ಕಾದ ಮೇಲೆ ಜೀರಿಗೆ, ಇಂಗು. ಆಮೇಲೆ ರುಬ್ಬಿದ್ದನ್ನು ಹಾಕಿ ಹಸಿವಾಸನೆ ಹೋಗಿ ಎಣ್ಣೆ ಬಿಡುವತನಕ ಬಾಡಿಸಬೇಕು. ಹುರಿದ ಆಲೂಗಡ್ಡೆ ಹೋಳು, ಉದ್ದಿನ ವಡಿ, ಉಳಿಸಿಕೊಂಡ ಇಡೀ ಕಾಳು, ನೀರು. ಕುದಿದು ಮಂದವಾದರೆ ಅನ್ನಕ್ಕೆ ಕಲಸಿಕೊಳ್ಳಲು ಬೇರೇನೂ ಬೇಡ. ಇದನ್ನು ಉಣ್ಣುವ ಮೈಸೂರು ಸೀಮೆಯವರಿಗೆ ನೆನಪಾಗುವುದು ಹಿದುಕಿದ ಅವರೆಬೇಳೆ ಸಾರು. ಅಲ್ಲಿ ಬಟಾಣಿ ಬರುವ ತಿಂಗಳುಗಳಲ್ಲೇ ಇಲ್ಲಿ ಮಾಗಡಿಯ ಕಡೆಯಿಂದ ಸೊನೆ ಅವರೆ ಬರುತ್ತದೆ. ಅಲ್ಲಿಯಂತೆ ಇಲ್ಲಿಯೂ ಅವರೆ ಉಪ್ಪಿಟ್ಟಿಗೆ, ಸಾರಿಗೆ, ರೊಟ್ಟಿಗೆ ನುಗ್ಗುತ್ತದೆ. ಎರಡು ಊರುಗಳು ಪರಸ್ಪರ ಕೇಳದೆಯೇ ಒಂದೇ ತೀರ್ಮಾನಕ್ಕೆ ಬಂದಿವೆ. ನಮ್ಮಲ್ಲಿ ಅವರೆ ಹೋದ ಮೇಲೆ ಒಂದೇ ಕಾಳನ್ನು ನೆಚ್ಚುವ ಆ ಧೈರ್ಯ ಕುಂದಿ ಮೊಬೈಲಿನಲ್ಲಿ ಪನೀರಿನ ಹೊಸ ಗ್ರೇವಿ ಹುಡುಕಲು ಕೂರುತ್ತೇವೆ ಎಂಬುದೇ ನನಗಿರುವ ಬೇಸರ.

ಚೂಡಾ-ಮಟರ್ ನಮ್ಮ ಒಗ್ಗರಣೆ ಅವಲಕ್ಕಿಯ ಹತ್ತಿರದ್ದು ಎಂದು ತೋರಿದರೂ ಸ್ವಭಾವದಲ್ಲಿ ದೂರ. ಅರಿಸಿನವಿಲ್ಲ, ಈರುಳ್ಳಿಯಿಲ್ಲ, ಕಡಲೆಕಾಯಿಬೀಜವಿಲ್ಲ. ತುಪ್ಪದಲ್ಲಿ ಜೀರಿಗೆ, ಇಂಗು, ಶುಂಠಿ, ಹಸಿಮೆಣಸು; ಬಟಾಣಿ ಮುಚ್ಚಿ ಬೇಯುತ್ತದೆ; ನೆನೆದ ಅವಲಕ್ಕಿ ಸೇರುತ್ತದೆ, ಕೆಲವು ಮನೆಗಳಲ್ಲಿ ಅದನ್ನು ನೀರಿನ ಬದಲು ಹಾಲು ಚಿಮುಕಿಸಿ ಮೆತ್ತಗಾಗಿಸುತ್ತಾರೆ; ಕೊನೆಗೆ ಕಾಳುಮೆಣಸು, ಗರಂ ಮಸಾಲೆ, ನಿಂಬೆ. ಬಟಾಣಿ ಇಲ್ಲಿ ಅಲಂಕಾರಕ್ಕಲ್ಲ, ಅವಲಕ್ಕಿಯ ಸರಿಸಮಕ್ಕೆ ಇರುತ್ತದೆ. ಮುಂಗಾರಿನ ಭತ್ತ ಕೊಯ್ದ ಮೇಲೆ ಹೊಸ ಅಕ್ಕಿಯ ಅವಲಕ್ಕಿಯೂ ಇದೇ ಹೊತ್ತಿಗೆ ಅಂಗಡಿಗೆ ಬರುವುದರಿಂದ ಎರಡೂ ಹೊಸದಾಗಿ ಒಂದೇ ಬಾಣಲೆಯಲ್ಲಿ ಕೂಡುತ್ತವೆ. ಹಿಂದಿನ ರಾತ್ರಿ ಯೋಚಿಸಿಡಬೇಕಾದದ್ದು ಇದರಲ್ಲಿ ಏನೂ ಇಲ್ಲ. ವಾರದ ದಿನದ ಊಟವಾಗಿ ಇದಕ್ಕೆ ನಾನು ನಿಮೋನಾಗಿಂತ ಹೆಚ್ಚು ಅಂಕ ಕೊಡುತ್ತೇನೆ.

ಏಕೆಂದರೆ ನಿಮೋನಾ ಸುಲಭದ ಅಡುಗೆಯಲ್ಲ. ಹೊಗಳುವವರು ಹೆಚ್ಚಾಗಿ ಮರೆಯುವುದು ಇದನ್ನೇ. ಒಂದು ಕಿಲೋ ಬಟಾಣಿ ತಂದರೆ ಅರ್ಧದಷ್ಟು ಸಿಪ್ಪೆಯಾಗಿ ಹೋಗುತ್ತದೆ. ಮನೆಮಂದಿಗೆಲ್ಲ ಸಾಲುವಷ್ಟು ಬಿಡಿಸಲು ಹೊತ್ತು ಬೇಕು, ಬಾಡಿಸಲು ಒಲೆಯ ಮುಂದೆ ನಿಲ್ಲಬೇಕು. ಮಿಕ್ಸಿ ಬಂದು ರುಬ್ಬುವ ಕೆಲಸ ಹಗುರವಾಗಿದೆ, ಉಳಿದದ್ದು ಆಗಿಲ್ಲ. ಮೊರದ ಸುತ್ತ ಮನೆಯವರೆಲ್ಲ ಕೂತು ಮಾತಾಡುತ್ತ ಬಿಡಿಸಿದರೆ ಅದು ಊಟದ ಮೊದಲ ಭಾಗ. ಒಬ್ಬಳೇ ಬಿಡಿಸಿದರೆ ಅದು ಕೂಲಿ. ಈ ಅಡುಗೆ ಉಳಿಯುವುದೂ ಅಳಿಯುವುದೂ ಗಂಡಸರು, ಮಕ್ಕಳು ಆ ಮೊರದ ಹತ್ತಿರ ಬರುತ್ತಾರೋ ಇಲ್ಲವೋ ಎಂಬುದರ ಮೇಲೆ ನಿಂತಿದೆ.

ಹಾಗಾದರೆ ಫ್ರೀಜರಿನ ಬಟಾಣಿ? ಅದನ್ನು ತಾತ್ಸಾರ ಮಾಡುವುದು ನ್ಯಾಯವಲ್ಲ. ಬಳ್ಳಿಯಿಂದ ಕಿತ್ತ ಗಳಿಗೆಯಿಂದ ಬಟಾಣಿಯ ಸಕ್ಕರೆ ಪಿಷ್ಟವಾಗುತ್ತ ಹೋಗುತ್ತದೆ; ಕಾರ್ಖಾನೆಯಲ್ಲಿ ಬೇಗನೆ ಬಿಸಿನೀರಿಗೆ ಅದ್ದಿ ಹೆಪ್ಪುಗಟ್ಟಿಸುವುದರಿಂದ ಆ ಬದಲಾವಣೆ ನಿಲ್ಲುತ್ತದೆ. ಹಾಗಾಗಿ ಮೂರು ದಿನ ಗಾಡಿಯಲ್ಲಿ ಬಾಡಿದ ಕಾಯಿಗಿಂತ ಪ್ಯಾಕೆಟ್ಟಿನ ಕಾಳು ಸಿಹಿಯಾಗಿಯೇ ಇರಬಹುದು. ತೆಹರಿಗೆ ಅದು ಸಾಕು. ನಿಮೋನಾಗೆ ಸಾಲದು, ಆ ಅಡುಗೆಯ ಜೀವ ಇರುವುದು ಹಸಿ ಕಾಳನ್ನು ಅರೆದಾಗ ಏಳುವ ವಾಸನೆಯಲ್ಲಿ, ಬಿಸಿನೀರು ಅದನ್ನೇ ಮೊದಲು ಕಳೆದಿರುತ್ತದೆ.

ಗೋಧಿಹಿಟ್ಟಿನ ಉಂಡೆ ಸುಟ್ಟು ಮಾಡುವ ಬಾಟಿ ಮತ್ತು ಅದರ ಜೊತೆಯ ಚೋಖಾವನ್ನು ಎಲ್ಲರೂ ಬಲ್ಲರು. ಚಳಿಗಾಲದ ಆರಂಭದಲ್ಲಿ ವರುಣಾ ದಂಡೆಯ ರಾಮೇಶ್ವರದಲ್ಲಿ ನಡೆಯುವ ಲೋಟಾ-ಭಂಟಾ ಜಾತ್ರೆಯಲ್ಲಿ ಜನ ಬೆರಣಿಯ ಕೆಂಡದಲ್ಲಿ ಅದನ್ನೇ ಸುಟ್ಟು ಉಣ್ಣುತ್ತಾರೆ. ಗಂಗೆಯಾಚೆಯ ರಾಮನಗರದ ದಪ್ಪ ಗುಂಡು ಬದನೆ, ಅಲ್ಲಿಯವರ ಭಂಟಾ, 2023ರಲ್ಲಿ ಭೌಗೋಳಿಕ ಗುರುತು ಪಡೆಯಿತು. ನಮ್ಮ ಉಡುಪಿಯ ಮಟ್ಟುಗುಳ್ಳಕ್ಕೆ ಸಿಕ್ಕಿದಂಥದ್ದೇ. ಭಂಟಾದಲ್ಲಿ ಬೀಜ ಕಡಿಮೆ, ತಿರುಳು ಹೆಚ್ಚು, ಸುಡಲೆಂದೇ ಬೆಳೆದಂತಿದೆ. ಆದರೆ ಬಾಟಿ ಬಿಡುವಿನ ದಿನದ ಅಡುಗೆ. ಕೆಂಡ ಮಾಡಿ, ‘ಸತ್ತು’ ಎಂಬ ಹುರಿಗಡಲೆ ಹಿಟ್ಟು ತುಂಬಿ, ಸುಟ್ಟು, ತುಪ್ಪದಲ್ಲಿ ಅದ್ದುವಷ್ಟು ಪುರಸೊತ್ತು ಮಂಗಳವಾರ ರಾತ್ರಿ ಯಾರಿಗಿದೆ? ವಾರದ ದಿನಕ್ಕೆ ತೆಗೆದುಕೊಳ್ಳಬೇಕಾದ್ದು ಚೋಖಾ ಮಾತ್ರ: ಗ್ಯಾಸಿನ ಉರಿಯಲ್ಲೇ ಸುಟ್ಟ ಬದನೆ, ಟೊಮೆಟೊ, ಬೇಯಿಸಿದ ಆಲೂಗಡ್ಡೆ, ಹಸಿ ಬೆಳ್ಳುಳ್ಳಿ, ಹಸಿಮೆಣಸು, ಹಸಿ ಸಾಸಿವೆ ಎಣ್ಣೆ. ಬೇಳೆ-ಅನ್ನದ ಪಕ್ಕ ಇದಿದ್ದರೆ ಪಲ್ಯ ಬೇಕಿಲ್ಲ. ಸಾಸಿವೆ ಎಣ್ಣೆಯ ಘಾಟು ಒಗ್ಗದವರು ಕಡಲೆಕಾಯಿ ಎಣ್ಣೆ ಹಾಕಿದರೆ ಅದು ನಮ್ಮ ಸುಟ್ಟ ಬದನೆಕಾಯಿ ಗೊಜ್ಜೇ ಆಗುತ್ತದೆ, ಚೋಖಾ ಅಲ್ಲ. ಅದೂ ಒಳ್ಳೆಯದೇ.

ಏಪ್ರಿಲ್ ಬಂದರೆ ಈ ಪದ್ಧತಿ ಏದುಸಿರು ಬಿಡುತ್ತದೆ. ಪರವಲ್, ತುಪ್ಪೀರೆ, ಸೋರೆ, ಬೆಂಡೆ, ಮತ್ತೆ ಪರವಲ್. ಆಲೂಗಡ್ಡೆ ಎಲ್ಲದರೊಳಗೂ ಸೇರಿಕೊಂಡು ಎಲ್ಲವನ್ನೂ ಒಂದೇ ರುಚಿಗೆ ತರುತ್ತದೆ. ಈ ಆಲೂಗಡ್ಡೆಯ ಮೋಹ ಬನಾರಸಿನ ಅಡುಗೆಮನೆಯ ನಿಜವಾದ ದೌರ್ಬಲ್ಯ ಎಂದು ನನ್ನ ಅನಿಸಿಕೆ. ಇಲ್ಲಿ ನಮ್ಮ ಬಯಲುಸೀಮೆಯ ಹೆಂಗಸರು ಅವರಿಗೆ ಕಲಿಸಬಹುದಾದದ್ದಿದೆ. ಬಸ್ಸಾರಿನಲ್ಲಿ ಕಾಳು-ಸೊಪ್ಪು ಬೆಂದ ನೀರು ಬಸಿದು ಸಾರಾಗುತ್ತದೆ, ಉಳಿದದ್ದು ಪಲ್ಯವಾಗುತ್ತದೆ. ಒಂದು ಬೇಯಿಸುವಿಕೆಯಲ್ಲಿ ಎರಡು ಪದಾರ್ಥ. ಸೊಪ್ಪು ದಂಟೋ, ಕೀರೆಯೋ, ಹೊಲದ ಬೆರಕೆಯೋ ಎಂಬುದರ ಮೇಲೆ ರುಚಿ ದಿನಕ್ಕೊಂದು. ಬನಾರಸಿನಲ್ಲಿ ಇದಕ್ಕೆ ಹತ್ತಿರವಾದ್ದು ಉದ್ದಿನಬೇಳೆಗೆ ಪಾಲಕ್ ಸೇರಿಸುವ ಸಗಪೈತಾ, ನಮ್ಮ ಮಸ್ಸೊಪ್ಪಿನ ಸಂಬಂಧಿ. ಅದೂ ಮುಖ್ಯವಾಗಿ ಚಳಿಗಾಲದ್ದೇ.

ಬೇಸಿಗೆಯಲ್ಲೂ ಸೋಲದ ಒಂದು ಅಡುಗೆ ಅವರ ಹತ್ತಿರ ಇದೆ, ಅದನ್ನು ಹೊರಗಿನವರು ಯಾರೂ ಹೊಗಳುವುದಿಲ್ಲ: ದಾಲ್ ಕೀ ದುಲ್ಹನ್. ತೊಗರಿಬೇಳೆ ಅರಿಸಿನ ಹಾಕಿ ಕುದಿಯುತ್ತಿರುವಾಗ ಚಪಾತಿ ಹಿಟ್ಟನ್ನು ಪುಟ್ಟ ಬಿಲ್ಲೆಯಂತೆ ಲಟ್ಟಿಸಿ, ಅಂಚುಗಳನ್ನು ಹೂವಿನಂತೆ ಚಿವುಟಿ ಅದರೊಳಗೆ ಬಿಡುತ್ತಾರೆ. ಹಿಟ್ಟು ಬೇಳೆಯಲ್ಲೇ ಬೆಂದು ಬೇಳೆಯನ್ನು ಮಂದ ಮಾಡುತ್ತದೆ. ಮೇಲೆ ತುಪ್ಪ, ಬೆಳ್ಳುಳ್ಳಿ, ಒಣಮೆಣಸಿನ ಒಗ್ಗರಣೆ. ಹುಳಿಗೆ ಮಾವಿನಕಾಯಿಯ ಎರಡು ಹೋಳು ಬಿದ್ದರೆ ಇನ್ನೂ ಮೇಲು. ರೊಟ್ಟಿ ಬೇಯಿಸಲು ಬಿಸಿಯ ಮುಂದೆ ನಿಲ್ಲಬೇಕಿಲ್ಲ, ಅನ್ನ ಬೇರೆ ಇಡಬೇಕಿಲ್ಲ, ತೊಳೆಯಲು ಒಂದೇ ಪಾತ್ರೆ. ಅಂಚು ಚಿವುಟುವುದನ್ನು ಮಕ್ಕಳು ಕೇಳಿ ಪಡೆದು ಮಾಡುತ್ತಾರೆ. ಬೇಳೆ, ಗೋಧಿಹಿಟ್ಟು ಎರಡೂ ಇಲ್ಲದ ಮನೆ ನಮ್ಮಲ್ಲೂ ಕಡಿಮೆ. ಕುಕ್ಕರಿನಲ್ಲಿ ಬೇಳೆ ಮೊದಲೇ ಬೆಂದಿದ್ದರೆ ಉಳಿದ ಕೆಲಸ ಅರ್ಧ ಗಂಟೆಯದು.