ಚಿತ್ರದ ಚೆಲುವು, ವ್ಯಾಪಾರದ ಸತ್ಯ

ಕಲಬುರಗಿಯ ತೊಗರಿಬೇಳೆಗೂ ಕಮಲಾಪುರದ ಕೆಂಪು ಬಾಳೆಗೂ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಬೇಳೆಗೆ ಅದು ದೊರೆತುದು 2019ರಲ್ಲಿ. ಇಂದು ಇಂಥ ಸರಕಿಗಿಂತ ಮೊದಲು ಅದರ ಛಾಯಾಚಿತ್ರವೇ ಗ್ರಾಹಕನ ಮನೆಯನ್ನು ತಲುಪುತ್ತದೆ. ಕಿಟಕಿಯ ಬೆಳಕು, ಹಿತ್ತಾಳೆಯ ತಟ್ಟೆ, ತುಂಬಿದ ಅಡುಗೆಮನೆ ಇವುಗಳಿಂದ ಚಿತ್ರವು ಚೆಲುವಾದರೆ ದೋಷವಿಲ್ಲ. ಹಣ್ಣಿನ ಮೇಲೆ ಗ್ಲಿಸರಿನ್ ಹನಿಗಳನ್ನಿರಿಸಿ ಇಬ್ಬನಿಯೆಂದು ತೋರಿಸುವುದು ಸುಳ್ಳಿನ ಮೊದಲ ಹೆಜ್ಜೆ. ಆಯ್ದ ಬೇಳೆಯನ್ನು ಚಿತ್ರಿಸಿ ಚೀಲದಲ್ಲಿ ಕೀಳುಬೇಳೆ ತುಂಬುವುದು ವಂಚನೆಯೇ ಸರಿ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ‘ಪ್ರತಿರೂಪಕ ವ್ಯವಹಾರ’ವನ್ನು, ಅಂದರೆ ಉತ್ತಮ ವಸ್ತುವಿನ ಸೋಗಿನಲ್ಲಿ ಕೀಳನ್ನು ಮಾರುವುದನ್ನು, ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ಊರಿನ ಹೆಸರು ಒಬ್ಬ ವರ್ತಕನ ಸ್ವತ್ತಲ್ಲ. ಒಂದು ಸುಳ್ಳು ಚಿತ್ರದಿಂದ ಬೆಳೆದವರೆಲ್ಲರ ಮಾತು ಶಂಕೆಗೆ ಗುರಿಯಾಗುತ್ತದೆ. ಮಾಗಿದ ಬಾಳೆಯ ಸಿಪ್ಪೆಯ ಮೇಲಿನ ಕಪ್ಪು ಚುಕ್ಕೆಯೂ ಚಿತ್ರದಲ್ಲಿ ಉಳಿಯಲಿ; ಶ್ರಾವಕನ ಅಂಗಡಿಗೆ ಅದೇ ಶೋಭೆ.